ಪಿಸುಮಾತಿಗೆ ಅಡ್ಡ ಬಂದ ಫ್ಯಾನು

ಗುಡುಗು ಸತ್ತಷ್ಟು ಸಲ ಬೇರೆ ಯಾರೂ ಸತ್ತಿರಲಿಕ್ಕಿಲ್ಲ. ಕತ್ತು ಕುಯ್ಯಿಸಿಕೊಂಡು, ಬೆಂಕಿಗೆ ಬಿದ್ದು, ಲಾರಿಯ ಚಕ್ರಕ್ಕೆ ಸಿಕ್ಕಿ, ಮಹಡಿಯಿಂದ ಉರುಳಿ, ಹೀಗೆ ಎಲ್ಲ ಬಗೆಯಲ್ಲೂ ಸತ್ತಾಗಿತ್ತು. ತೆರೆಯ ಮೇಲೆ ಸಾಯುತ್ತಿದ್ದವರು ಬೇರೆಯವರು, ಇವನದು ಗಂಟಲು ಮಾತ್ರ. ಸಿನಿಮಾದ ಕೇಡಿಗರಿಗೆ ಧ್ವನಿ ಕೊಡುವುದು ಅವನ ಕಸುಬು. ಅವನು ಬಾಯಿ ತೆರೆದರೆ ಪಕ್ಕದ ಮನೆಯ ಕಿಟಕಿ ಅದುರುತ್ತದೆ ಎಂದು, ಅವನಿಗೆ ಗುಡುಗು ಎಂಬ ಅಡ್ಡಹೆಸರಿಟ್ಟಿದ್ದ ಬೀದಿಯವರು ತಮಾಷೆ ಮಾಡುತ್ತಿದ್ದರು. ಅವನ ಎದುರಿಗೆ ಮಾಡುತ್ತಿರಲಿಲ್ಲ.

ಯಾಕೆಂದರೆ ಗಂಟಲಿಗಿಂತ ಅವನ ಕೈ ಮುಂದು. ವೈರಿಂಗ್ ಮಾಡಲು ಬಂದವನು ಎದುರು ಮಾತಾಡಿದನೆಂದು ಅವನ ಮುಖಕ್ಕೆ ಕುದಿಯುವ ಟೀ ಎರಚಿದ್ದ. ಗಾಡಿ ತಾಗಿಸಿದವನ ತಲೆಯನ್ನು ಅವನದೇ ಕಾರಿನ ಬಾಗಿಲಿಗೆ ಸಿಕ್ಕಿಸಿ ಒತ್ತಿದ್ದ. ತಂಗಿ ಚಿಕ್ಕವಳಿದ್ದಾಗ ಅವಳ ಎಡಗೈ ಕಿರುಬೆರಳನ್ನು ಹಿಂದಕ್ಕೆ ಮಡಚಿ ಮುರಿದಿದ್ದ. ಅದನ್ನು ಇವತ್ತಿಗೂ ಸರಿಯಾಗಿ ಮಡಚಲು ಬರುವುದಿಲ್ಲ. ಯಾರಾದರೂ ಕೇಳಿದರೆ ಬಾಗಿಲಿಗೆ ಸಿಕ್ಕಿತ್ತು ಅನ್ನುತ್ತಿದ್ದಳು. ಹಾಗೆ ಹೇಳಲು ಕಲಿಸಿದವಳು ಅಮ್ಮ. "ಅವನ ಕೈ ಸ್ವಲ್ಪ ಜೋರು, ಮನಸ್ಸು ಬೆಣ್ಣೆ," ಎನ್ನುವುದು ಅಮ್ಮನ ಬಾಯಲ್ಲಿ ಸವೆದುಹೋದ ಮಾತು.

ಈ ತಂಗಿಯನ್ನು ಮನೆಯಲ್ಲಿ ಪುಟ್ಟಿ ಅಂತಲೇ ಕರೆಯುತ್ತಿದ್ದರು, ಕೂದಲು ನೆರೆಯತೊಡಗಿದ ಮೇಲೂ. ಅಪ್ಪ ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿ ಅಣ್ಣ ತಂಗಿ ಸೇರಿ ಡಬ್ಬಿಂಗ್ ಸ್ಟುಡಿಯೋ ನಡೆಸುತ್ತಿದ್ದರು. ಒಂದು ಕೋಣೆಯಲ್ಲಿ ಮೈಕು. ಪಕ್ಕದ ಕೋಣೆಯಲ್ಲಿ ಪುಟ್ಟಿ ಕೂರುವ ಮೇಜು, ಕಂಪ್ಯೂಟರು. ನಡುವೆ ಹಲಗೆಯ ಗೋಡೆ, ಅದರಲ್ಲೊಂದು ಗಾಜು. ಯಂತ್ರಗಳನ್ನು ನೋಡಿಕೊಳ್ಳುವವನು ಪುಟ್ಟಿಯ ಗಂಡ. ಅವನು ನಡೆದರೆ ಹೆಜ್ಜೆ ಕೇಳುವುದಿಲ್ಲ, ಮಾತಾಡಿದರೆ ಇನ್ನೊಮ್ಮೆ ಕೇಳಬೇಕು. ಗುಡುಗು ಅವನಿಗೆ ಮೆತ್ತಪ್ಪ ಎಂದು ಹೆಸರಿಟ್ಟಿದ್ದ. ಆ ಹೆಸರೇ ನಿಂತುಹೋಗಿತ್ತು.

ಆ ಸಲ ಕೈಯಲ್ಲಿದ್ದ ಸಿನಿಮಾದಲ್ಲಿ ಅರ್ಧಕ್ಕರ್ಧ ಹೊಡೆದಾಟವೇ ಇದ್ದದ್ದರಿಂದ ಗುಡುಗು ಅದನ್ನು ಸರಾಗವಾಗಿ ಮುಗಿಸಿದ್ದ. ಉಳಿದದ್ದು ಕೊನೆಯ ದೃಶ್ಯ. ಹೊಟ್ಟೆಗೆ ಚೂರಿ ಬಿದ್ದ ಕೇಡಿಗ ಮಗನ ಕಿವಿಯ ಹತ್ತಿರ ಪಿಸುಗುಟ್ಟಿ ಪ್ರಾಣ ಬಿಡಬೇಕು. ಅರಚುವವನಿಗೆ ಪಿಸುಗುಟ್ಟುವುದು ಕಷ್ಟ. ಅಷ್ಟು ಮೆಲುದನಿ ಸಿಗಬೇಕಾದರೆ ಮೈಕಿನ ಮಟ್ಟವನ್ನು ಪೂರ್ತಿ ಏರಿಸಬೇಕು. ಏರಿಸಿದರೆ ಹಲಗೆ ಗೋಡೆಯ ಆಚೆಗಿನ ಕಂಪ್ಯೂಟರ್ ಉಸಿರಾಡುವುದೂ ಕೇಳಿಸುತ್ತದೆ.

ಅದಕ್ಕೆಂದೇ ಮೆತ್ತಪ್ಪ ಕಂಪ್ಯೂಟರಿಗೆ ಕರೆಂಟು ಹಂಚುವ ಹೊಸ ಪವರ್ ಸಪ್ಲೈ ಹಾಕಿದ್ದ. ಅದರ ಫ್ಯಾನನ್ನು ಸಾಫ್ಟ್‌ವೇರಿನಿಂದ ಹಿಡಿತದಲ್ಲಿಡಬಹುದಿತ್ತು. ಒಳಗಿನಿಂದ ಒಂದು ತೆಳು ಕೇಬಲ್ ಮದರ್‌ಬೋರ್ಡಿಗೆ ಹೋಗುತ್ತದೆ. ಪರದೆಯ ಮೇಲೆ 'ನಿಶ್ಶಬ್ದ' ಎಂದು ಒತ್ತಿದರೆ, ಬಿಸಿ ಏರುವ ತನಕ ಫ್ಯಾನು ತಿರುಗುವುದೇ ಇಲ್ಲ. ಹಾಕಿದ ದಿನ ಪುಟ್ಟಿ ಮೇಜಿನ ಕೆಳಗೆ ಕಿವಿ ಇಟ್ಟು ಕೇಳಿ, "ಇದು ಚಾಲೂ ಇದೆಯಾ?" ಎಂದಿದ್ದಳು.

ಆದರೆ ಆ ಮಧ್ಯಾಹ್ನ ಫ್ಯಾನಿಗೆ ಏನೋ ಹೊಕ್ಕಂತಿತ್ತು. ಸ್ವಲ್ಪ ಹೊತ್ತು ಸುಮ್ಮನಿರುವುದು, ಇದ್ದಕ್ಕಿದ್ದಂತೆ ಮಿಕ್ಸಿಯ ಹಾಗೆ ಬೊರ್ರೆನ್ನುವುದು, ಮತ್ತೆ ಸುಮ್ಮನಾಗುವುದು. ಗುಡುಗಿನ ಪಿಸುಮಾತು ಹದಕ್ಕೆ ಬಂತು ಅನ್ನುವಾಗಲೇ ಅದು ಶುರುವಾಗುತ್ತಿತ್ತು. ಪುಟ್ಟಿಯ ಪಕ್ಕದಲ್ಲಿ ಕುಳಿತಿದ್ದ ನಿರ್ದೇಶಕಿ ಪ್ರತಿ ಸಲವೂ ಕಣ್ಣು ಮುಚ್ಚಿ ಆಗಲಿಲ್ಲವೆಂದು ತಲೆಯಾಡಿಸುತ್ತಿದ್ದಳು. ಆಕೆ ಸಿಡುಕುವವಳಲ್ಲ. ಆಕೆ ಸಿಡುಕದೆ ಇದ್ದದ್ದಕ್ಕೇ ಗುಡುಗಿಗೆ ಇನ್ನಷ್ಟು ಉರಿಯಿತು.

"ಸರ್, ಇನ್ನೊಂದ್ಸಲ ನೋಡೋಣ್ವಾ? ನಿಮ್ಮದು ತುಂಬಾ ಚೆನ್ನಾಗಿ ಬಂತು. ಹಿಂದೆ ಸದ್ದು ಬಂದುಬಿಡ್ತು," ಎಂದಳು ನಿರ್ದೇಶಕಿ.

ಗುಡುಗು ಗಾಜಿನ ಆಚೆಯಿಂದ ನೋಡಿದ್ದು ನಿರ್ದೇಶಕಿಯನ್ನಲ್ಲ, ಮೆತ್ತಪ್ಪನನ್ನು. "ನಾನು ಸಾಯ್ತಾ ಇದ್ರೆ ಇವನು ಹಿಂದೆ ಹಿಟ್ಟಿನ ಗಿರಣಿ ಓಡಿಸ್ತಿದ್ದಾನೆ," ಎಂದ. ನಿರ್ದೇಶಕಿ ನಕ್ಕಳು. ಅವನು ನಗಲಿಲ್ಲ. ಮುಂದಿನ ಸಲ ಫ್ಯಾನು ಏಳುತ್ತಲೇ ನೀರಿನ ಬಾಟಲಿಯನ್ನು ಗಾಜಿಗೆ ಎಸೆದ. ಗಾಜಿನ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿತು.

"ಕಾಲು ಗಂಟೆ ಕೊಡಿ. ಏನಂತ ನೋಡ್ತೀವಿ," ಎಂದಳು ಪುಟ್ಟಿ.

ಗಂಡ ಹೆಂಡತಿ ಮೇಜಿನ ಕೆಳಗೆ ಕೂತರು. ಸಾಫ್ಟ್‌ವೇರ್ ತೆರೆದರೆ ಫ್ಯಾನಿನ ವೇಗ ತೋರಿಸಬೇಕಾದ ಜಾಗದಲ್ಲಿ ಅಂಕಿ ಬರುವುದು, ಮಾಯವಾಗುವುದು. ಮೆತ್ತಪ್ಪ ಮೊದಲು ಕೇಬಲ್ ಸಡಿಲವಾಗಿರಬಹುದೆಂದು ಬಿಚ್ಚಿ ಮತ್ತೆ ಸಿಕ್ಕಿಸಿದ. ಪ್ರಯೋಜನವಿಲ್ಲ. ಸಾಫ್ಟ್‌ವೇರನ್ನು ಕಿತ್ತು ಹೊಸದಾಗಿ ಹಾಕಿದ. ಸ್ವಲ್ಪ ಹೊತ್ತು ಸರಿಯಿತ್ತು, ಮತ್ತೆ ಬೊರ್. ಆ ತೆಳು ಕೇಬಲನ್ನು ಪೂರ್ತಿ ತೆಗೆದೇ ನೋಡಿದ. ಆಗ ಫ್ಯಾನು ತನ್ನ ಪಾಡಿಗೆ ಒಂದೇ ಸಮ ಗುಂಯ್ ಎನ್ನತೊಡಗಿತು. ಅದು ಅರಚಾಟಕ್ಕಾದರೆ ಪರವಾಗಿಲ್ಲ, ಪಿಸುಮಾತಿಗಾಗದು. ಕೊನೆಗೆ ಹಳೆಯ ಪವರ್ ಸಪ್ಲೈಯನ್ನೇ ಹಾಕೋಣವೆಂದು ಕಪಾಟಿನಿಂದ ಇಳಿಸಿ ತಂದ. ಇಟ್ಟಿಗೆಯಂಥ ಕಬ್ಬಿಣದ ಪೆಟ್ಟಿಗೆ, ಅದರಿಂದ ಹೊರಟ ದಪ್ಪ ವೈರುಗಳ ಜಡೆ. ಅದನ್ನು ನೋಡುತ್ತಲೇ ಪುಟ್ಟಿ, "ಅದು ಇದಕ್ಕಿಂತ ದೊಡ್ಡ ರಾಗ ಹಾಡುತ್ತೆ, ಬೇಡ," ಎಂದಳು. ಅದು ನೆಲದ ಮೇಲೆಯೇ ಉಳಿಯಿತು.

"ಹೊಸದಾಗಿ ಏನಾದ್ರೂ ಹಾಕಿದೀಯಾ ಇದರಲ್ಲಿ?" ಎಂದು ಕೇಳಿದಳು.

"ನಾನೇನೂ ಹಾಕಿಲ್ಲ."

ಅವಳು ಹಿಂದುಗಡೆ ಓಡುತ್ತಿದ್ದ ಪ್ರೋಗ್ರಾಮುಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಗುರುತಿಲ್ಲದ ಒಂದು ಸಿಕ್ಕಿತು. ಕಂಪ್ಯೂಟರಿನ ಒಳಗೆ ಬಣ್ಣದ ದೀಪ ಕುಣಿಸುವ ಪ್ರೋಗ್ರಾಮದು. ದೀಪದ ಜೊತೆಗೆ ಕಣ್ಣಿಗೆ ಬಿದ್ದ ಫ್ಯಾನುಗಳನ್ನೆಲ್ಲ ತನ್ನವೇ ಎಂದುಕೊಳ್ಳುವ ಜಾತಿ. ಒಂದು ಸಾಫ್ಟ್‌ವೇರ್ ಫ್ಯಾನಿಗೆ ಸುಮ್ಮನಿರು ಅನ್ನುತ್ತಿತ್ತು, ಇನ್ನೊಂದು ಅದೇ ಕೇಬಲ್ಲಿನಲ್ಲಿ ನುಗ್ಗಿ ಬೇರೆ ಏನೋ ಕೇಳುತ್ತಿತ್ತು. ಇಬ್ಬರ ಮಾತಿನಲ್ಲಿ ದಿಕ್ಕು ತಪ್ಪಿದ ಪವರ್ ಸಪ್ಲೈ, ಯಾವುದಕ್ಕೂ ಇರಲಿ ಎಂದು ಫ್ಯಾನನ್ನು ಪೂರ್ತಿ ಓಡಿಸಿಬಿಡುತ್ತಿತ್ತು.

"ಸಿಕ್ತು," ಎಂದಳು ಪುಟ್ಟಿ. "ದೀಪದ ಪ್ರೋಗ್ರಾಮು. ಯಾರು ಹಾಕಿದ್ದು ಇದನ್ನ?"

ಮೆತ್ತಪ್ಪ ತಗ್ಗಿದ ದನಿಯಲ್ಲಿ ಹೇಳಿದ: "ಮೊನ್ನೆ ಭಾವನ ಸ್ನೇಹಿತ ಬಂದಿದ್ನಲ್ಲ. ಭಾವನೇ ಅವನ ಕೈಲಿ ಒಳಗೆ ಕೆಂಪು ನೀಲಿ ಲೈಟ್ ಹಾಕಿಸಿದ್ರು. ಬಂದವರಿಗೆ ಜೋರಾಗಿ ಕಾಣ್ಲಿ ಅಂತ." ಹಾಗೆ ಹೇಳಿ ಅವನು ಸಣ್ಣಗೆ ನಕ್ಕ. "ತನ್ನ ಗಿರಣಿ ತಾನೇ ಹಾಕ್ಕೊಂಡಿದಾರೆ."

ನಿರ್ದೇಶಕಿಯೂ ನಕ್ಕಳು. ಪುಟ್ಟಿಗೂ ತುಟಿಯಂಚಿನಲ್ಲಿ ನಗು ಬಂತು. ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಮೇಲಿನ ಕೆಂಪು ಗುಂಡಿಯ ಮೇಲೆ ಬಿತ್ತು. ಒಳಗಿದ್ದವರ ಜೊತೆ ಮಾತಾಡಲು ಒತ್ತುವ ಗುಂಡಿ. ಆಗಲೇ ಒತ್ತಿದ್ದು ಹಾಗೇ ಉಳಿದುಬಿಟ್ಟಿತ್ತು. ಅವರು ಆಡಿದ ಪ್ರತಿಯೊಂದು ಮಾತೂ, ಆ ನಗುವೂ, ಗುಡುಗಿನ ಕಿವಿಯ ಮೇಲಿದ್ದ ಹೆಡ್‌ಫೋನಿನೊಳಗೆ ಹೋಗಿತ್ತು.

ಗಾಜಿನ ಆಚೆ ಅವನು ಎದ್ದು ನಿಂತಿದ್ದ.

ಬಾಗಿಲು ಗೋಡೆಗೆ ಬಡಿಯಿತು. ಹೆಡ್‌ಫೋನ್ ಅವನ ಕತ್ತಿನಲ್ಲೇ ಇತ್ತು. ಅದರ ವೈರು ಕಿತ್ತುಬಂದು ಬಾಲದಂತೆ ಹಿಂದೆ ನೇತಾಡುತ್ತಿತ್ತು. ಅವನು ಬೈಯಲಿಲ್ಲ, ಅರಚಲಿಲ್ಲ. ಅದೇ ಪುಟ್ಟಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಬಗ್ಗಿ ಕುಳಿತಿದ್ದ ಮೆತ್ತಪ್ಪನ ಕೂದಲು ಹಿಡಿದು ಎತ್ತಿ, ಮುಖವನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ತೆಂಗಿನಕಾಯಿ ಬಿರಿದ ಹಾಗೆ ಸದ್ದಾಯಿತು. ಇನ್ನೊಮ್ಮೆ ಅಪ್ಪಳಿಸಿದ. ಕೀಬೋರ್ಡಿನ ಮೇಲೆ ರಕ್ತ, ಅದರ ನಡುವೆ ಬುಡಸಮೇತ ಒಂದು ಹಲ್ಲು.

"ಸರ್, ಬಿಡಿ ಸರ್," ಎನ್ನುತ್ತ ನಿರ್ದೇಶಕಿ ಗೋಡೆಗೆ ಒತ್ತಿಕೊಂಡಳು. ಮರುಕ್ಷಣ ಫೋನು ಹಿಡಿದುಕೊಂಡು ಹೊರಗೆ ಓಡಿದಳು.

ಪುಟ್ಟಿ ಅಣ್ಣನ ತೋಳಿಗೆ ಜೋತುಬಿದ್ದಳು. ಅವನು ತಿರುಗಿಯೂ ನೋಡದೆ ಮೊಣಕೈಯಿಂದ ತಿವಿದ. ಅವಳ ತುಟಿ ಸೀಳಿ ಬಾಯಿಯ ತುಂಬ ಉಪ್ಪುಪ್ಪಾಯಿತು. ಮೆತ್ತಪ್ಪ ನೆಲಕ್ಕೆ ಬಿದ್ದಿದ್ದ. ಗುಡುಗು ಅವನ ಪಕ್ಕೆಗೆ ಒದ್ದ, ಒದ್ದ ಜಾಗಕ್ಕೇ ಮತ್ತೆ ಒದ್ದ. ಆಮೇಲೆ ಎದೆಯ ಮೇಲೆ ಮೊಣಕಾಲೂರಿ ಕೂತು, ತನ್ನ ಕತ್ತಿನಲ್ಲಿ ನೇತಾಡುತ್ತಿದ್ದ ವೈರನ್ನು ತೆಗೆದು ಅವನ ಗಂಟಲಿಗೆ ಸುತ್ತಿದ.

"ನಗು," ಎಂದ. "ಈಗ ನಗು ನೋಡೋಣ."

ಮಹಡಿಯ ಮೆಟ್ಟಿಲ ತುದಿಯಿಂದ ಅಮ್ಮನ ದನಿ ಬಂತು. "ಸಾಕು ಬಿಡೋ. ಏನಾಯ್ತೋ ಅದು?" ಅವಳು ಕೆಳಗೆ ಇಳಿಯಲಿಲ್ಲ. ಯಾವತ್ತೂ ಇಳಿದವಳಲ್ಲ.

ಮೆತ್ತಪ್ಪನ ಹಿಮ್ಮಡಿಗಳು ನೆಲವನ್ನು ಬಡಿಯುತ್ತಿದ್ದವು. ಒಂದು ಕಾಲಿನ ಚಪ್ಪಲಿ ಹಾರಿಹೋಗಿತ್ತು. ಮುಖ ಕೆಂಪಾಗಿ, ಕಪ್ಪಾಗಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಬಡಿತ ನಿಧಾನವಾಗುತ್ತ ಬಂತು.

ಪುಟ್ಟಿಯ ಕೈಗೆ ಸಿಕ್ಕಿದ್ದು ಹಳೆಯ ಪವರ್ ಸಪ್ಲೈಯ ವೈರುಗಳು. ಆ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಾಗ ಕೊನೆಯಲ್ಲಿದ್ದ ಪೆಟ್ಟಿಗೆ ತಾನಾಗಿಯೇ ಸುತ್ತು ಹೊಡೆಯಿತು. ಮೊದಲ ಏಟು ಅಣ್ಣನ ಭುಜದ ಮೂಳೆಗೆ ಬಿತ್ತು. ಮೂಳೆ ಮುರಿದದ್ದು ಅವಳ ಅಂಗೈಗೆ ಗೊತ್ತಾಯಿತು. ವೈರಿನ ಹಿಡಿತ ಸಡಿಲಾಗಿ ಮೆತ್ತಪ್ಪ ಕರ್ರೆಂದು ಉಸಿರೆಳೆದುಕೊಂಡ.

ಗುಡುಗು ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಅಚ್ಚರಿ.

"ಪುಟ್ಟಿ," ಎಂದ.

ಅವನು ಅವಳ ಗಂಡನನ್ನು ಬಿಟ್ಟಾಗಿತ್ತು. ಒಂದು ತೋಳು ಸತ್ತ ಹಾವಿನಂತೆ ಜೋತಾಡುತ್ತಿತ್ತು. ಅದು ಅವಳಿಗೆ ಕಾಣುತ್ತಿತ್ತು. ಆದರೂ ಪೆಟ್ಟಿಗೆ ಇನ್ನೊಂದು ಸುತ್ತು ಬಂತು, ಈ ಸಲ ತಾನಾಗಿಯೇ ಅಲ್ಲ. ಅದು ಅವನ ದವಡೆಗೆ ಬಿತ್ತು. ದವಡೆ ಇದ್ದ ಜಾಗದಿಂದ ಪಕ್ಕಕ್ಕೆ ಸರಿಯಿತು. ಅವನು ಕುರ್ಚಿಯ ಮೇಲೆ ಬಿದ್ದು, ಕುರ್ಚಿ ಗಾಜಿಗೆ ಬಡಿದು, ಬಿರುಕುಬಿಟ್ಟಿದ್ದ ಗಾಜು ಇಡಿಯಾಗಿ ಅವನ ಬೆನ್ನ ಮೇಲೆ ಸುರಿಯಿತು. ಅವನ ಬಾಯಿಂದ ಬಂದದ್ದು ಕೂಗಲ್ಲ, ನೀರಿನಲ್ಲಿ ಗಾಳಿ ಊದಿದಂಥ ಸದ್ದು.

ಪುಟ್ಟಿ ಮೂರನೆಯ ಸಲ ಎತ್ತಿದಳು. ಯಾರೋ ಅವಳ ಕಾಲು ಹಿಡಿದರು. ಬಗ್ಗಿ ನೋಡಿದರೆ ಗಂಡ, ಕತ್ತಿಗೆ ಇನ್ನೂ ವೈರು ಸುತ್ತಿಕೊಂಡೇ ಇದೆ, ಒಡೆದ ಬಾಯಿಂದ ಏನೋ ಹೇಳುತ್ತಿದ್ದಾನೆ. ಮೊದಲು ಅರ್ಥವಾಗಲಿಲ್ಲ. ಯಾವತ್ತಿನಂತೆ ಇನ್ನೊಮ್ಮೆ ಕೇಳಬೇಕಾಯಿತು.

"ಸಾಕು," ಎನ್ನುತ್ತಿದ್ದ. "ಸಾಕು ಕಣೇ. ಸಾಕು."

ಅವಳು ಕೈ ಬಿಟ್ಟಳು. ಪೆಟ್ಟಿಗೆ ಬಿದ್ದಲ್ಲಿ ನೆಲದ ಕಲ್ಲು ಒಡೆಯಿತು.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಮಲಗಿಸಿದರು. ಮೆತ್ತಪ್ಪನಿಗೆ ಪಕ್ಕೆಲುಬು ಬಿರಿದಿತ್ತು, ಮುಂದಿನ ಹಲ್ಲುಗಳು ಹೋಗಿದ್ದವು, ಕತ್ತಿನ ಸುತ್ತ ನೇರಳೆ ಬಣ್ಣದ ಬರೆ. ಗುಡುಗಿನ ದವಡೆಗೆ ತಂತಿ ಬಿಗಿದಿದ್ದರು. ಅಮ್ಮ ಮಗನ ಕೋಣೆಯಿಂದ ಹೊರಗೆ ಬಂದು, ಬೆಂಚಿನ ಮೇಲೆ ಕುಳಿತಿದ್ದ ಮಗಳ ಕೆನ್ನೆಗೆ ಬಾರಿಸಿದಳು. ಆಮೇಲೆ ಪಕ್ಕದಲ್ಲೇ ಕೂತು, ಅದೇ ಕೈಯಿಂದ ಅವಳ ಕೂದಲು ಸರಿಮಾಡಿದಳು.

"ಪೊಲೀಸಿನವರು ಬರ್ತಾರೆ. ಕಾಲು ಜಾರಿ ಗಾಜಿನ ಮೇಲೆ ಬಿದ್ದ ಅನ್ನು. ಅಳಿಯಂದ್ರೂ ಹಾಗೇ ಹೇಳ್ಲಿ. ಒಡಹುಟ್ಟಿದವನು ಕಣೇ."

"ನನ್ನ ಗಂಡ ಸಾಯ್ತಿದ್ದ ಅಮ್ಮ."

"ಸತ್ತಿಲ್ಲವಲ್ಲ."

ಪುಟ್ಟಿ ಅಮ್ಮನ ಕೈಯನ್ನು ತನ್ನ ತಲೆಯಿಂದ ತೆಗೆದು ಅಮ್ಮನ ಮಡಿಲಿನಲ್ಲೇ ಇಟ್ಟಳು. ಅದಕ್ಕಿಂತ ಹೆಚ್ಚು ಅವಳಿಂದ ಏನೂ ಆಗಲಿಲ್ಲ.

ಬಂದ ಪೊಲೀಸ್ ಅಧಿಕಾರಿ ಮೊದಲು ಗುಡುಗಿನ ಹತ್ತಿರ ಹೋದ. ಯಾರು ಹೊಡೆದರು ಎಂದು ಕೇಳಿದರೆ ಅವನು ತಲೆ ಅಲ್ಲಾಡಿಸಿ, ಬೆರಳಿನಿಂದ ನೆಲ ತೋರಿಸಿ, ಜಾರಿದೆ ಎಂಬಂತೆ ಕೈ ಮಾಡಿದ. ತಂಗಿಯ ಕೈಯಲ್ಲಿ ಏಟು ತಿಂದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಜಾರಿದೆ ಅನ್ನುವುದೇ ಅವನಿಗೆ ಮೇಲಾಗಿ ಕಂಡಿರಬೇಕು. ಅಧಿಕಾರಿ ಹೊರಗೆ ಬಂದು ಪುಟ್ಟಿಯ ಎದುರು ನಿಂತ.

"ನಿಮ್ಮಣ್ಣ ಬಿದ್ದೆ ಅಂತಿದಾರೆ."

"ಬಿದ್ದಿಲ್ಲ. ನಾನು ಹೊಡೆದೆ. ಅದಕ್ಕೆ ಮುಂಚೆ ಅವನು ನನ್ನ ಗಂಡನ ಕತ್ತು ಬಿಗಿದಿದ್ದ. ನಿರ್ದೇಶಕಿ ಮೇಡಂ ಇದ್ರು, ಕೇಳಿ."

"ಎಷ್ಟು ಸಲ ಹೊಡೆದ್ರಿ?"

"ಎರಡು. ಮೊದಲನೇದು ನನ್ನ ಗಂಡನ್ನ ಬಿಡಿಸೋಕೆ."

"ಎರಡನೇದು?"

ಅಮ್ಮ ಅವಳ ಸೆರಗನ್ನು ಹಿಡಿದು ಜಗ್ಗುತ್ತಿದ್ದಳು.

"ಎರಡನೇದು ಬೇಕಿರಲಿಲ್ಲ," ಎಂದಳು. "ಹೊಡೀಬೇಕು ಅನ್ನಿಸ್ತು. ಹೊಡೆದೆ."

ಅಧಿಕಾರಿ ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಇದನ್ನ ಹೀಗೇ ಬರ್ಕೊಳ್ಳಲಾ?" ಎಂದು ಕೇಳಿದ. ಹೀಗೇ ಬರೆದುಕೊಳ್ಳಿ ಎಂದಳು.

ಪ್ರಕರಣ ಎರಡೂ ಕಡೆಯಿಂದ ನಡೆಯಿತು. ಕತ್ತು ಬಿಗಿದದ್ದಕ್ಕೆ ಗುಡುಗು ಕೆಲವು ತಿಂಗಳು ಒಳಗಿದ್ದು ಬಂದ. ಪುಟ್ಟಿಯನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಅಷ್ಟರಲ್ಲಿ ಗಂಡ ಹೆಂಡತಿ ಆ ಮನೆ ಬಿಟ್ಟು, ಹೊಲಿಗೆ ಅಂಗಡಿಯೊಂದರ ಮೇಲಿನ ಎರಡು ಕೋಣೆ ಹಿಡಿದಿದ್ದರು. ಕಂಪ್ಯೂಟರು ಮಾತ್ರ ಮೆತ್ತಪ್ಪ ತಾನೇ ಜೋಡಿಸಿದ್ದೆಂದು ಜೊತೆಗೆ ತಂದಿದ್ದ. ಕೀಬೋರ್ಡ್ ಎಸೆದರು. ದೀಪದ ಪ್ರೋಗ್ರಾಮನ್ನು ಬೇರುಸಮೇತ ಕಿತ್ತರು. ಕಂಪ್ಯೂಟರ್ ಶುರುವಾದಾಗಲೆಲ್ಲ ಕದ್ದು ಎದ್ದೇಳುತ್ತಿದ್ದ ಅದರ ಒಂದು ಚೂರನ್ನೂ ಹುಡುಕಿ ಅಳಿಸಿದರು. ಪರದೆಯ ಮೇಲೆ ಫ್ಯಾನಿನ ವೇಗ ಸೊನ್ನೆ ಎಂದು ತೋರಿಸಿತು, ಹಾಗೇ ನಿಂತಿತು. ನಿರ್ದೇಶಕಿ ನಾಟಕದ ಹಳೆಯ ನಟರೊಬ್ಬರನ್ನು ಕರೆದುಕೊಂಡು ಬಂದಳು. ಅವರು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಪಿಸುಗುಟ್ಟಿ, ಸತ್ತು, ಮನೆಗೆ ಹೋದರು.

ಗುಡುಗನ್ನು ಪುಟ್ಟಿ ಆಮೇಲೆ ನೋಡಿದ್ದು ಒಮ್ಮೆ ಮಾತ್ರ. ಬಸ್ಸಿನ ನಿಲ್ದಾಣದಲ್ಲಿ ಅಮ್ಮನ ಔಷಧಿಯ ಚೀಲ ಹಿಡಿದು ನಿಂತಿದ್ದ. ದವಡೆ ಒಂದು ಪಕ್ಕಕ್ಕೆ ಓರೆಯಾಗಿ ಕೂಡಿಕೊಂಡಿತ್ತು. ಅವಳನ್ನು ಕಂಡದ್ದೇ ಅವನ ಕೈ ತನಗೇ ತಿಳಿಯದಂತೆ ಮುಖಕ್ಕೆ ಹೋಯಿತು, ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಹುಟ್ಟಿದಾಗಿನಿಂದ ಅವನನ್ನು ಕಂಡು ಹಿಂದೆ ಸರಿದವಳು ಅವಳು. ಒಂದು ಗಳಿಗೆ ಅವಳಿಗೆ ಹೊಟ್ಟೆ ತುಂಬಿದಷ್ಟು ಹಿತವಾಯಿತು. ಮನೆಯ ಮೆಟ್ಟಿಲು ಹತ್ತುವಾಗ ಆ ಹಿತ ನೆನಪಾಗಿ ಅವಳು ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ಅವನು ಕಿಟಕಿಯ ಬೆಳಕಿನಲ್ಲಿ ಕೂತು ಯಾವುದೋ ಮೈಕಿನ ವೈರಿಗೆ ಬೆಸುಗೆ ಹಾಕುತ್ತಿದ್ದ. ಹೊಸ ಹಲ್ಲಿನ ಸೆಟ್ಟು ಇನ್ನೂ ಬಾಯಿಗೆ ಹೊಂದಿರಲಿಲ್ಲ, ಮಾತು ಮೊದಲಿಗಿಂತ ಕಡಿಮೆಯಾಗಿತ್ತು. ಕೆಳಗಿನಿಂದ ಹೊಲಿಗೆ ಯಂತ್ರಗಳ ಸದ್ದು ಬರುತ್ತಿತ್ತು. ಸೂರ್ಯ ಅವನ ಕಣ್ಣಿಗೆ ಹೊಡೆಯುತ್ತಿರುವುದನ್ನು ನೋಡಿ, ಪರದೆ ಎಳೆಯೋಣವೆಂದು ಪುಟ್ಟಿ ಅವನ ತಲೆಗಿಂತ ಮೇಲಕ್ಕೆ ಕೈ ಎತ್ತಿದಳು.

ಮೆತ್ತಪ್ಪ ಬೆಸುಗೆ ಕಡ್ಡಿಯನ್ನು ಬಿಸಾಕಿ ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡ. ಮೊಣಕಾಲು ಎದೆಗೆ ಬಂತು. ಮೇಜಿನ ಬಟ್ಟೆಯ ಮೇಲೆ ಬಿದ್ದ ಕಡ್ಡಿಯಿಂದ ಹೊಗೆ ಎದ್ದಿತು.

ಅವಳ ಕೈ ಪರದೆಯನ್ನು ಹಿಡಿದು ಹಾಗೇ ನಿಂತಿತು. ನಿಧಾನವಾಗಿ ಇಳಿಸಿ, ಕಡ್ಡಿಯನ್ನು ಎತ್ತಿ ಅದರ ಸ್ಟ್ಯಾಂಡಿನಲ್ಲಿಟ್ಟಳು. ಸುಟ್ಟ ಬಟ್ಟೆಯನ್ನು ಅಂಗೈಯಿಂದ ತಟ್ಟಿ ಆರಿಸಿದಳು.

"ಅಣ್ಣ ಅಂದ್ಕೊಂಡ್ಯಾ?" ಎಂದು ಕೇಳಿದಳು.

ಅವನು ತೋಳು ತೆಗೆದ. ನಾಚಿಕೆಯಿಂದ ಅವನ ಮುಖ ಕೆಂಪಾಗಿತ್ತು. ಸುಳ್ಳು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅಲ್ಲವೆಂದು ತಲೆ ಅಲ್ಲಾಡಿಸಿದ.

"ನನಗೇ ಹೆದರಿದ್ಯಾ?"

"ಅವತ್ತು ನೆಲದಿಂದ ನಿನ್ನ ಮುಖ ನೋಡಿದೆ," ಎಂದ. ಇನ್ನೊಮ್ಮೆ ಕೇಳುವ ಅಗತ್ಯ ಬರಲಿಲ್ಲ. "ನನ್ನ ಉಳಿಸಿದ್ದು ನೀನು. ಅದು ನನಗೆ ಗೊತ್ತು. ಮೈಗೆ ಗೊತ್ತಾಗ್ತಿಲ್ಲ ಅಷ್ಟೆ."

ಪುಟ್ಟಿ ಅವನ ಎದುರಿನ ಕುರ್ಚಿಯಲ್ಲಿ ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಿನಲ್ಲಿ ಒಂದರೊಳಗೊಂದು ಹೆಣೆದುಕೊಂಡಳು. ಕೆಳಗೆ ಯಾರೋ ಯಂತ್ರ ನಿಲ್ಲಿಸಿ ದಾರ ಕತ್ತರಿಸಿ ಮತ್ತೆ ಶುರುಮಾಡಿದರು.

"ಯಾವಾಗ ಹೋಗುತ್ತೆ ಇದು?"

"ಗೊತ್ತಿಲ್ಲ." ಅವನು ಬೆಸುಗೆ ಕಡ್ಡಿಯ ಸ್ವಿಚ್ಚು ಆರಿಸಿದ. "ಒಂದು ಮಾಡು. ಕೈ ಎತ್ತೋ ಮುಂಚೆ ಹೇಳ್ಬಿಡು. ಏನಕ್ಕೆ ಅಂತ."

"ಪ್ರತಿ ಸಲನಾ?"

"ಪ್ರತಿ ಸಲ. ನಗಬೇಡ."

ಅವಳು ನಗುತ್ತಿರಲಿಲ್ಲ.

"ಪರದೆ ಎಳೀತೀನಿ," ಎಂದಳು. ಅವನು ಹೂಂ ಎಂದು ತಲೆಯಾಡಿಸುವವರೆಗೆ ಕಾದು, ಎದ್ದು, ಕೈ ಎತ್ತಿದಳು.